ಚಿರೆಕಲ್ಲಿನ ಮನೆಗೊಂದು ರೂಟರ್

ಶಿರಸಿ ತಾಲ್ಲೂಕಿನ ನಮ್ಮ ತೋಟದ ಮನೆಗೆ ಫೈಬರ್ ಸಂಪರ್ಕ ಬಂದು ಮೂರು ವರ್ಷಗಳಾಗಿದ್ದವು. ಬೆಂಗಳೂರಿನ ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ನಾನು ಮೆತ್ತಿನ, ಅಂದರೆ ಮೇಲಂತಸ್ತಿನ, ಮೂಡಣ ತುದಿಯ ಕೋಣೆಯನ್ನು ಕಚೇರಿ ಮಾಡಿಕೊಂಡಿದ್ದೆ. ಫೈಬರ್ ತಂತಿ ಮಾತ್ರ ಪಡುವಣ ಜಗಲಿಯ ಮೂಲಕ ಮನೆಯೊಳಗೆ ಬಂದು, ಕಿಟಕಿಯ ಪಕ್ಕ ಗೋಡೆಗೆ ಹೊಡೆದ ಮೋಡೆಮ್ಮಿನಲ್ಲಿ ಕೊನೆಗೊಳ್ಳುತ್ತಿತ್ತು; ಮನೆಯ ವೈಫೈಯೂ ಅದರಿಂದಲೇ ಹರಡುತ್ತಿತ್ತು. ಈ ಎರಡು ತುದಿಗಳ ನಡುವೆ 14 ಮೀಟರ್ ದೂರ ಮತ್ತು ಒಂದೊಂದೂ ಒಂದೂಕಾಲು ಅಡಿ ದಪ್ಪವಿರುವ ಮೂರು ಚಿರೆಕಲ್ಲಿನ ಗೋಡೆಗಳಿದ್ದವು. ವಿಡಿಯೊ ಸಭೆಯ ನಡುವೆ ನನ್ನ ಮಾತು ತುಂಡಾಗುವುದು, ಬೆಂಗಳೂರಿನ ಕಂಪ್ಯೂಟರಿನಲ್ಲಿ ತೆರೆದಿಟ್ಟ ಲೆಕ್ಕದ ಹಾಳೆ ಕೈಗೆ ತಡವಾಗಿ ಸ್ಪಂದಿಸುವುದು ದಿನನಿತ್ಯದ ಸಂಗತಿಯಾಗಿತ್ತು. ಸೇವೆ ಕೊಡುವವರಿಗೆ ಹೇಳಿ ವೇಗವನ್ನು 60 ಎಂಬಿಪಿಎಸ್‌ನಿಂದ 200ಕ್ಕೆ ಏರಿಸಿಕೊಂಡೆ. ತಿಂಗಳ ಶುಲ್ಕ ಹೆಚ್ಚಿತೇ ಹೊರತು ಮೆತ್ತಿನ ಕೋಣೆಯಲ್ಲಿ ಏನೂ ಬದಲಾಗಲಿಲ್ಲ.

ಹೊಸ ರೂಟರ್ ಕೊಳ್ಳಬೇಕೆಂದು ನಿರ್ಧರಿಸಿದ್ದು ಏಪ್ರಿಲ್ ಮೊದಲ ವಾರದಲ್ಲಿ. ಆದರೆ ಹಣ ಕೊಟ್ಟೂ ಫಲ ಸಿಗದ ಅನುಭವ ಒಮ್ಮೆ ಆಗಿತ್ತಾದ್ದರಿಂದ, ಈ ಬಾರಿ ಅಂಗಡಿಗೆ ಹೋಗುವ ಮೊದಲು ತೊಂದರೆ ಎಲ್ಲಿದೆಯೆಂಬುದನ್ನು ಅಳೆದು ನೋಡಲು ಒಂದು ಭಾನುವಾರವನ್ನು ಪೂರ್ತಿ ಮೀಸಲಿಟ್ಟೆ.

ಮೊದಲ ಅಳತೆ ಹೊರಗಿನಿಂದ ಬರುವ ಸಂಪರ್ಕದ್ದು. ಲ್ಯಾಪ್‌ಟಾಪನ್ನು ಜಗಲಿಗೆ ಒಯ್ದು, ವೈಫೈ ಬಂದ್ ಮಾಡಿ, ಮೋಡೆಮ್ಮಿಗೆ ನೇರವಾಗಿ ತಂತಿ ಜೋಡಿಸಿ ವೇಗ ಪರೀಕ್ಷಿಸಿದಾಗ 94 ಎಂಬಿಪಿಎಸ್ ಬಂದಿತು. ಮೂರು ಬಾರಿ ನೋಡಿದರೂ 94ರ ಆಸುಪಾಸಿನಲ್ಲೇ ನಿಂತಿತು. ಸಂಪರ್ಕದಲ್ಲಿ ದೋಷವಿದ್ದರೆ ಅಂಕಿ ಏರಿಳಿಯುತ್ತದೆ. ಹೀಗೆ ಒಂದೇ ಕಡೆ ಗಟ್ಟಿಯಾಗಿ ನಿಲ್ಲುವುದು ಎಲ್ಲೋ 100 ಎಂಬಿಪಿಎಸ್‌ನ ಬಾಗಿಲಿದೆ ಎಂಬುದರ ಸೂಚನೆ. 100ರ ಪೋರ್ಟಿನಲ್ಲಿ (ತಂತಿ ಸಿಕ್ಕಿಸುವ ಕಿಂಡಿಯಲ್ಲಿ) ದತ್ತಾಂಶದ ಜೊತೆಗೆ ಸಾಗಬೇಕಾದ ವಿಳಾಸ ಮುಂತಾದ ಹೊರೆಯನ್ನು ಕಳೆದರೆ ಬಳಕೆಗೆ ಉಳಿಯುವುದು ಸುಮಾರು ಅಷ್ಟೇ. ಮೋಡೆಮ್ಮನ್ನು ತಿರುಗಿಸಿ ನೋಡಿದೆ. ನಾಲ್ಕು ಪೋರ್ಟುಗಳ ಪೈಕಿ ಮೊದಲನೆಯದು ಮಾತ್ರ ಗಿಗಾಬಿಟ್‌ನದು, ಅಂದರೆ 1000 ಎಂಬಿಪಿಎಸ್‌ನದು, ಉಳಿದ ಮೂರು 100ರವು. ತಂತಿಯನ್ನು ಮೊದಲನೆಯದಕ್ಕೆ ಬದಲಿಸಿದೊಡನೆ 198 ಬಂದಿತು. ಹೊರಗಿನಿಂದ ಬರುವ ಸಂಪರ್ಕದಲ್ಲಿ ಕೊರತೆಯಿರಲಿಲ್ಲ; ಮನೆಯೊಳಗೆ ಅದನ್ನು ಹಂಚುವುದರಲ್ಲಿ ಇತ್ತು.

ಎರಡನೆಯ ಅಳತೆ ಗೋಡೆಗಳದು. ಮನೆಯ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು, ಸಂಕೇತದ ಬಲವನ್ನು ತೋರಿಸುವ ಉಚಿತ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು, ಜಗಲಿ, ನಡುಮನೆ, ಅಡುಗೆಮನೆ, ಮೆತ್ತಿನ ಮೆಟ್ಟಿಲು, ನನ್ನ ಕೋಣೆ ಹೀಗೆ ಒಂದೊಂದು ಕಡೆಯೂ ಎರಡು ನಿಮಿಷ ನಿಂತು ಅಂಕಿ ಬರೆದುಕೊಂಡೆ. ಈ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ ಮತ್ತು ಅದು ಸದಾ ಋಣ ಸಂಖ್ಯೆಯಾಗಿರುತ್ತದೆ. ಮೈನಸ್ 40 ಅತ್ಯುತ್ತಮ, ಮೈನಸ್ 67ರವರೆಗೆ ವಿಡಿಯೊ ಮಾತುಕತೆಗೆ ಧೈರ್ಯವಾಗಿ ಒಪ್ಪಬಹುದು, ಮೈನಸ್ 80 ದಾಟಿದರೆ ಹೆಸರಿಗಷ್ಟೇ ಸಂಪರ್ಕ. ಇದು ಸಾಧಾರಣ ಕೂಡು ಕಳೆಯುವ ಲೆಕ್ಕವಲ್ಲ. 3 ಕಡಿಮೆಯಾದರೆ ಶಕ್ತಿ ಅರ್ಧವಾಗುತ್ತದೆ, 10 ಕಡಿಮೆಯಾದರೆ ಹತ್ತರಲ್ಲಿ ಒಂದು ಪಾಲಾಗುತ್ತದೆ. ಜಗಲಿಯಲ್ಲಿ ಮೈನಸ್ 38 ಇದ್ದದ್ದು ನಡುಮನೆಯಲ್ಲಿ ಮೈನಸ್ 56, ಅಡುಗೆಮನೆಯಲ್ಲಿ ಮೈನಸ್ 69, ನನ್ನ ಮೇಜಿನ ಮೇಲೆ ಮೈನಸ್ 77 ಆಗಿತ್ತು. ಮೇಜಿನ ಬಳಿ ಸಿಗುತ್ತಿದ್ದ ವೇಗ 6 ಎಂಬಿಪಿಎಸ್. ಅದಕ್ಕಿಂತಲೂ ಕಣ್ಣು ತೆರೆಸಿದ್ದು ಪಿಂಗ್ ಪರೀಕ್ಷೆ, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಸಮಯವನ್ನು ಅಳೆಯುವುದು. ಹೊರಗಿನ ಯಾವುದೇ ತಾಣಕ್ಕಲ್ಲ, ಮನೆಯದೇ ಮೋಡೆಮ್ಮಿಗೆ ಪಿಂಗ್ ಮಾಡಿದಾಗ ಜಗಲಿಯಲ್ಲಿ 2 ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತಿತ್ತು. ಮೆತ್ತಿನಲ್ಲಿ ಅದು ಒಮ್ಮೆ 12, ಒಮ್ಮೆ 180, ನಡುನಡುವೆ ಉತ್ತರವೇ ಇಲ್ಲ. ನನ್ನ ಮಾತು ತುಂಡಾಗುತ್ತಿದ್ದುದು ಬೆಂಗಳೂರಿನ ದಾರಿಯಲ್ಲಲ್ಲ, ಜಗಲಿಯಿಂದ ಮೆತ್ತಿಗೆ ಹತ್ತುವ ಮೆಟ್ಟಿಲುಗಳ ನಡುವೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಇದೇ ಆ್ಯಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಗಳ ವೈಫೈ ಒಂದರ ಮೇಲೊಂದು ಬಿದ್ದುಕೊಂಡಿರುವುದನ್ನು ಕಂಡಿದ್ದೆ. ವೈಫೈ ಬಳಸುವ ರೇಡಿಯೊ ಅಲೆಗಳ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳು 5 ಮೆಗಾಹರ್ಟ್ಸ್‌ಗೊಂದರಂತೆ ಒತ್ತೊತ್ತಾಗಿದ್ದು, ಒಂದು ಸಂಕೇತಕ್ಕೆ ಕನಿಷ್ಠ 20 ಮೆಗಾಹರ್ಟ್ಸ್ ಅಗಲ ಬೇಕಿರುವುದರಿಂದ, ಒಂದಕ್ಕೊಂದು ತಾಗದಂತೆ ಬಳಸಬಹುದಾದದ್ದು 1, 6, 11 ಎಂಬ ಮೂರೇ ಚಾನೆಲ್. ಅಲ್ಲಿ ಆಗ ನನಗಿದ್ದ ತೊಂದರೆ ಗದ್ದಲದ್ದು. ಇಲ್ಲಿ ತೋಟದಾಚೆಯ ಮನೆಯ ವೈಫೈ ಕೂಡ ನಮ್ಮ ಅಂಗಳವನ್ನು ಮುಟ್ಟುವುದಿಲ್ಲ. ಇಡೀ ಪಟ್ಟಿ ನಮ್ಮದೇ. ಆದ್ದರಿಂದ ಪಟ್ಟಣದ ಸ್ನೇಹಿತರು ಕೊಟ್ಟ ಸಲಹೆಗಳಲ್ಲಿ ಅರ್ಧದಷ್ಟು ನಮ್ಮ ಮನೆಗೆ ಅನ್ವಯಿಸುತ್ತಿರಲಿಲ್ಲ. ನಮ್ಮ ಎದುರಾಳಿ ಚಿರೆಕಲ್ಲು. ತೂತುತೂತಾದ ಈ ಕೆಂಪು ಕಲ್ಲು ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ, ನೀರು ರೇಡಿಯೊ ಅಲೆಗಳ ಶಕ್ತಿಯನ್ನು ತಿನ್ನುತ್ತದೆ. ಹಿಂದಿನ ಮಳೆಗಾಲಗಳಲ್ಲಿ ನನ್ನ ಸಭೆಗಳು ಹೆಚ್ಚು ಕೆಟ್ಟದ್ದಕ್ಕೆ ಇದೂ ಕಾರಣವಿರಬೇಕೆಂದು ಆಗ ಅನಿಸಿತು. ಏಪ್ರಿಲ್ ಬಿಸಿಲಿನಲ್ಲಿ ಅಳೆದ ಅಂಕಿಗಳಿಗೆ 5 ಡಿಬಿಯಷ್ಟು ನಷ್ಟವನ್ನು ಮೊದಲೇ ಸೇರಿಸಿಕೊಂಡು ಲೆಕ್ಕ ಹಾಕಬೇಕೆಂದು ಹಾಳೆಯ ಅಂಚಿನಲ್ಲಿ ಬರೆದಿಟ್ಟೆ.

ಮೋಡೆಮ್ಮಿನ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ವಿಶಾಲ. ಭಾರತದಲ್ಲಿ 2018ರ ಅಕ್ಟೋಬರ್‌ನಲ್ಲಿ ಆ ಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟು ಭಾಗವನ್ನು ಪರವಾನಗಿಯಿಲ್ಲದೆ ಬಳಸಲು ಬಿಡಲಾಗಿದೆ. ವೇಗವೂ ಹೆಚ್ಚು. ಆದರೆ ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ. ನಮ್ಮ ಗೋಡೆಗಳ ಮುಂದೆ ಅದು ಎಷ್ಟು ನಿಲ್ಲುತ್ತದೆ ಎಂಬುದನ್ನು ಪುಸ್ತಕದ ಅಂಕಿಯಿಂದ ತಿಳಿಯಲಾಗದು. ಹೀಗಾಗಿ ಪಕ್ಕದೂರಿನ ಭಾವನ ಮನೆಯಿಂದ ಅವನ ಎರಡು ಪಟ್ಟಿಯ ರೂಟರನ್ನು ಎರಡು ದಿನಕ್ಕೆ ಎರವಲು ತಂದೆ. ಕೊಳ್ಳುವ ಮುನ್ನ ಎರವಲು ತಂದು ನೋಡಿದ್ದು ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದು ಈಗಲೂ ಭಾವಿಸುತ್ತೇನೆ.

ಮೊದಲು ಅದನ್ನು ಜಗಲಿಯಲ್ಲಿ, ಮೋಡೆಮ್ಮಿನ ಪಕ್ಕದಲ್ಲೇ ಇಟ್ಟೆ. ನಡುಮನೆಯಲ್ಲಿ 5 ಗಿಗಾಹರ್ಟ್ಸ್ ಮೈನಸ್ 63 ತೋರಿಸಿತು. ಅಡುಗೆಮನೆಯಲ್ಲಿ ಮೈನಸ್ 82ಕ್ಕೆ ಕುಸಿಯಿತು. ನನ್ನ ಕೋಣೆಯಲ್ಲಿ ಅದರ ಹೆಸರೇ ಕಾಣಿಸಲಿಲ್ಲ. 2.4ರಲ್ಲಿ ಮೋಡೆಮ್ಮಿಗಿಂತ ಒಂದೆರಡು ಅಂಕಿ ಮೇಲು, ಅಷ್ಟೆ. ಅದರ ನಾಲ್ಕು ಆಂಟೆನಾಗಳನ್ನು ಎತ್ತ ತಿರುಗಿಸಿದರೂ ಗೋಡೆಯ ಲೆಕ್ಕ ಬದಲಾಗಲಿಲ್ಲ. ಎಷ್ಟೇ ಆಂಟೆನಾ ಇದ್ದರೂ ಪ್ರಸಾರದ ಶಕ್ತಿಗೆ ಕಾನೂನಿನ ಮಿತಿಯಿದೆ. ಅದಕ್ಕಿಂತ ಮುಖ್ಯವಾಗಿ, ವೈಫೈ ಎರಡು ಕಡೆಯ ಮಾತು. ರೂಟರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ ಕೈಯಲ್ಲಿರುವ ಸಣ್ಣ ಫೋನಿನ ಉತ್ತರ ಅದಕ್ಕೆ ಕೇಳಿಸಬೇಕಲ್ಲ?

ಆಮೇಲೆ ಅದನ್ನೇ ಮೆಟ್ಟಿಲ ತಿರುವಿನಲ್ಲಿಟ್ಟು ರಿಪೀಟರ್ ಆಗಿ ಬಳಸಿದೆ, ಅಂದರೆ ಮೋಡೆಮ್ಮಿನ ವೈಫೈಯನ್ನು ಹಿಡಿದು ಮತ್ತೆ ಹರಡುವಂತೆ ಮಾಡಿದೆ. ಫೋನಿನಲ್ಲಿ ಗೆರೆಗಳೆಲ್ಲ ತುಂಬಿ ಕಂಡವು, ಆದರೆ ವೇಗ 15ರ ಹತ್ತಿರ ನಿಂತಿತು ಮತ್ತು ಪಿಂಗ್ ಮೊದಲಿನಂತೆಯೇ ಕುಣಿಯುತ್ತಿತ್ತು. ಒಂದೇ ರೇಡಿಯೊ ಒಂದು ಕಡೆಯಿಂದ ಕೇಳಿ ಇನ್ನೊಂದು ಕಡೆಗೆ ಹೇಳಬೇಕಾದಾಗ ಸಮಯ ಹಂಚಿಹೋಗಿ ವೇಗ ಅರ್ಧಕ್ಕಿಳಿಯುವುದು ಸಹಜ. ಜೊತೆಗೆ ಅದು ಕೇಳಿಸಿಕೊಳ್ಳಬೇಕಾದದ್ದೂ ಅದೇ ಗೋಡೆಗಳ ಮೂಲಕ. ಒಂದಕ್ಕೊಂದು ಮಾತಾಡಿಕೊಂಡು ಒಂದೇ ವೈಫೈಯನ್ನು ಹರಡುವ ಎರಡು ಮೂರು ಪೆಟ್ಟಿಗೆಗಳ ಮೆಶ್ ಜೋಡಿಯನ್ನು ಕೊಳ್ಳಬೇಕೆಂದು ಅಲ್ಲಿಯವರೆಗೆ ನನ್ನ ಮನಸ್ಸು ವಾಲಿತ್ತು. ಈ ಪರೀಕ್ಷೆಯ ನಂತರ ಕೈಬಿಟ್ಟೆ. ಮೆಶ್ ಪೆಟ್ಟಿಗೆಗಳ ನಡುವೆ ತಂತಿಯಿಲ್ಲದಿದ್ದರೆ ಅವೂ ಚಿರೆಕಲ್ಲನ್ನು ದಾಟಿಯೇ ಮಾತಾಡಬೇಕು; ತಂತಿ ಎಳೆಯುವುದೇ ಆದರೆ ನಮ್ಮ ಮನೆಗೆ ಅಷ್ಟು ದುಬಾರಿ ಜೋಡಿ ಬೇಕಿಲ್ಲ.

ಕೊನೆಗೆ ಮನೆಯಲ್ಲಿದ್ದ 25 ಮೀಟರ್ ನೆಟ್‌ವರ್ಕ್ ತಂತಿಯನ್ನು ನಡುಮನೆಯ ಜಂತಿಗಳ ಮೇಲಿಂದ ತಾತ್ಕಾಲಿಕವಾಗಿ ಎಳೆದು, ರೂಟರನ್ನು ಮೆಟ್ಟಿಲು ಮುಗಿಯುವಲ್ಲಿ, ಅಂದರೆ ಇಡೀ ಮನೆಯ ನಡುಮಧ್ಯದಲ್ಲಿ ಇಟ್ಟೆ. ನನ್ನ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಮೈನಸ್ 54 ತೋರಿಸಿತು. ಪಿಂಗ್ 3 ಮಿಲಿಸೆಕೆಂಡಿಗೆ ನಿಂತಿತು. ಮೆತ್ತಿನ ನೆಲ ಹಲಗೆ ಮತ್ತು ಮಣ್ಣಿನ ಮುಚ್ಚಿಗೆಯದಾದ್ದರಿಂದ ಕೆಳಗಿನ ಅಡುಗೆಮನೆಗೂ ಸಂಕೇತ ಮೈನಸ್ 63ರಲ್ಲಿ ಇಳಿಯಿತು. ಕಲ್ಲಿನ ಗೋಡೆಯ ಪಕ್ಕದಿಂದ ನುಗ್ಗಲಾರದ್ದು ಮರದ ಮುಚ್ಚಿಗೆಯ ಮೇಲಿನಿಂದ ಸುಲಭವಾಗಿ ಇಳಿದಿತ್ತು. ಆದರೆ ವೇಗ ನೋಡಿದರೆ ಮತ್ತೆ 93. ಈ ಬಾರಿ ಕಾರಣ ಹುಡುಕಲು ತಡವಾಗಲಿಲ್ಲ. ಪೆಟ್ಟಿಗೆಯ ಮೇಲೆ 1200 ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಆ ರೂಟರಿನ ಎಲ್ಲ ತಂತಿ ಪೋರ್ಟುಗಳೂ 100ರವೇ ಆಗಿದ್ದವು.

ಈ ಅಂಕಿಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಳ್ಳುವವರು ದಾರಿ ತಪ್ಪುವುದು ಇಲ್ಲಿಯೇ. ಹೆಸರಿನ ಮೊದಲಲ್ಲಿ ಬರುವ ಎಸಿ ಎಂದರೆ ವೈಫೈ 5, ಎಎಕ್ಸ್ ಎಂದರೆ ಅದರ ನಂತರದ ಪೀಳಿಗೆಯಾದ ವೈಫೈ 6. ಎಸಿ1200 ಎಂದರೆ 2.4ರಲ್ಲಿ 300 ಮತ್ತು 5ರಲ್ಲಿ 867 ಕೂಡಿಸಿ ಮೇಲಕ್ಕೆ ಸರಿಪಡಿಸಿದ ಮೊತ್ತ. ಎಎಕ್ಸ್1500 ಎಂದರೆ 300 ಮತ್ತು 1201. ಎಎಕ್ಸ್3000 ಎಂದರೆ 574 ಮತ್ತು 2402. ಒಂದು ಫೋನು ಒಂದು ಹೊತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಪಟ್ಟಿಯಲ್ಲಿ ಇರುವುದರಿಂದ ಈ ಮೊತ್ತ ಯಾರ ಕೈಗೂ ಬರುವಂಥದ್ದಲ್ಲ. ಒಂದೊಂದು ಪಟ್ಟಿಯ ಅಂಕಿಯೂ ರೇಡಿಯೊದ ಗರಿಷ್ಠ ದರವೇ ಹೊರತು ಕೈಗೆ ಸಿಗುವ ವೇಗವಲ್ಲ. ಒಳ್ಳೆಯ ಸ್ಥಿತಿಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ದಕ್ಕೀತು. ಇದೆಲ್ಲದರ ಹಿಂದೆ 100ರ ಪೋರ್ಟ್ ಇದ್ದರೆ ಹೊರಗಿನಿಂದ ಎಷ್ಟೇ ಬಂದರೂ 94ರ ಆಚೆಗೆ ಹೋಗುವುದಿಲ್ಲ. ಗಾಳಿಯ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದು ತಂತಿಯ ಅಂಕಿಯನ್ನು ಪೆಟ್ಟಿಗೆಯ ಬುಡದ ಸಣ್ಣ ಅಕ್ಷರಕ್ಕೆ ತಳ್ಳುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಹೀಗೆ ಎರಡು ದಿನಗಳ ಅಳತೆಯಿಂದ ನನ್ನ ಅಗತ್ಯ ಸ್ಪಷ್ಟವಾಯಿತು: ಎಲ್ಲ ಪೋರ್ಟುಗಳೂ ಗಿಗಾಬಿಟ್‌ನವಾಗಿರುವ, ಎರಡು ಪಟ್ಟಿಯ, ಆ್ಯಕ್ಸೆಸ್ ಪಾಯಿಂಟ್ ಆಗಿ (ವಿಳಾಸ ಹಂಚುವ ಕೆಲಸವನ್ನು ಮೋಡೆಮ್ಮಿಗೇ ಬಿಟ್ಟು, ತಂತಿಯಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವಂತೆ) ಕೆಲಸ ಮಾಡಬಲ್ಲ ಒಂದು ಸಾಧಾರಣ ರೂಟರ್ ಮತ್ತು ಒಂದು ಒಳ್ಳೆಯ ತಂತಿ. 200ರ ಸಂಪರ್ಕಕ್ಕೆ ಎಎಕ್ಸ್1500 ಧಾರಾಳವಾಗಿ ಸಾಕು. ವೈಫೈ 5ರ ಬದಲು ವೈಫೈ 6ನ್ನೇ ಆರಿಸಿದ್ದಕ್ಕೆ ಮುಖ್ಯ ಕಾರಣ ವೇಗವಲ್ಲ. ಒಂದೇ ಬಾರಿಗೆ ಹಲವು ಸಾಧನಗಳಿಗೆ ಚಾನೆಲನ್ನು ತುಂಡು ಮಾಡಿ ಹಂಚುವ ವಿಧಾನ ಅದರಲ್ಲಿದೆ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಭದ್ರತಾ ಕ್ರಮವೂ ಅದರಲ್ಲಿದೆ.

ಮಾದರಿಗಳನ್ನು ಪಟ್ಟಿ ಮಾಡಿದ ಮೇಲೆ ಒಂದೊಂದರ ತಯಾರಕರ ಜಾಲತಾಣಕ್ಕೆ ಹೋಗಿ ಫರ್ಮ್‌ವೇರ್ ಪುಟವನ್ನು ತೆರೆದು ನೋಡಿದೆ. ರೂಟರಿನೊಳಗಿನ ತಂತ್ರಾಂಶದಲ್ಲಿ ದೋಷ ಸಿಕ್ಕಾಗ ತಿದ್ದುಪಡಿ ಕೊಡುವ ಹೊಣೆ ತಯಾರಕರದು. 2018ರ ಮೇ ತಿಂಗಳಿನಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ ಹಲವು ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರ್ ಮತ್ತು ಅಂಥ ಸಾಧನಗಳೊಳಗೆ ನುಸುಳಿದ್ದು ಬೆಳಕಿಗೆ ಬಂದಿತ್ತು. ಕಕ್ಷಿದಾರರ ಲೆಕ್ಕಪತ್ರಗಳನ್ನು ಮನೆಯಲ್ಲಿ ಕೂತು ತೆರೆಯುವ ನನಗೆ ಇದು ದೂರದ ಸುದ್ದಿಯಾಗಿ ಕಾಣಲಿಲ್ಲ. ಪಟ್ಟಿಯಲ್ಲಿದ್ದ ಒಂದು ಅಗ್ಗದ ಮಾದರಿಗೆ ಮೂರು ವರ್ಷಗಳಿಂದ ಯಾವ ತಿದ್ದುಪಡಿಯೂ ಬಂದಿರಲಿಲ್ಲ. ಅದನ್ನು ಅಲ್ಲಿಗೇ ಹೊಡೆದುಹಾಕಿದೆ. ಇನ್ನೊಂದು ಸೂಕ್ಷ್ಮವೂ ಆಗ ತಿಳಿಯಿತು: ಒಂದೇ ಹೆಸರಿನ ರೂಟರಿನಲ್ಲಿ ಆವೃತ್ತಿ 1, 2, 3 ಎಂದು ಒಳಗಿನ ಚಿಪ್ಪೇ ಬದಲಾಗಿರುತ್ತದೆ. ಆವೃತ್ತಿಯ ಸಂಖ್ಯೆ ಇರುವುದು ತಳದ ಚೀಟಿಯ ಮೇಲೆ ಮಾತ್ರ. ಬೇರೆಯವರ ಅನುಭವವನ್ನು ಓದುವಾಗ ಆ ಚೀಟಿಯ ಸಂಖ್ಯೆ ಹೊಂದದಿದ್ದರೆ ಓದಿದ್ದು ಬೇರೆಯೇ ಪೆಟ್ಟಿಗೆಯ ಬಗ್ಗೆ ಎಂದು ತಿಳಿಯಬೇಕು.

ಶಿರಸಿ ಪೇಟೆಯ ಅಂಗಡಿಯಲ್ಲಿ ಆರು ಆಂಟೆನಾದ ದೊಡ್ಡದೊಂದನ್ನು ಮೊದಲು ತೋರಿಸಿದರು. “ದೊಡ್ಡ ಮನೆ ಅಂತೀರಿ, ಇದೇ ತಗೊಳ್ಳಿ ಸರ್” ಎಂದರು. ನಾನು ಗ್ರಾಫ್ ಹಾಳೆಯನ್ನು ಬಿಡಿಸಿ ತೋರಿಸಿದ ಮೇಲೆ ಅವರೇ ಆಸಕ್ತಿಯಿಂದ ಕೂತು, ನನ್ನ ಪಟ್ಟಿಯ ಎರಡನೆಯ ಮಾದರಿಯ ಪೆಟ್ಟಿಗೆ ತೆಗೆದು, ಚೀಟಿಯ ಆವೃತ್ತಿಯನ್ನು ಓದಿ ಹೇಳಿದರು. ಬೆಲೆ 3,300 ರೂಪಾಯಿ. ತಂತಿಯ ವಿಷಯದಲ್ಲಿ ಅವರ ಮಾತು ನನಗೆ ಬಹಳ ಉಪಕಾರವಾಯಿತು. ಕ್ಯಾಟ್6 ಎಂಬ ದರ್ಜೆಯ ಹೆಸರು ಬರೆದ ಅಗ್ಗದ ನೆಟ್‌ವರ್ಕ್ ತಂತಿಗಳಲ್ಲಿ ಎಷ್ಟೋ ಅಲ್ಯೂಮಿನಿಯಮ್ ಎಳೆಗೆ ತಾಮ್ರದ ಲೇಪ ಕೊಟ್ಟವು. ಎಳೆಯ ತುದಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಬಿಡಬೇಕು. ಅವರು ನನ್ನೆದುರೇ ಎರಡನ್ನೂ ಕೆರೆದು ತೋರಿಸಿದರು. ಪೂರ್ತಿ ತಾಮ್ರದ 30 ಮೀಟರ್ ತಂತಿಯನ್ನು ಅಳೆಸಿಕೊಂಡು ತಂದೆ.

ತಂತಿಯನ್ನು ಪಿವಿಸಿ ಕೊಳವೆಯೊಳಗೆ ಹಾಕಿ ಜಂತಿಯ ಬದಿಯಲ್ಲಿ ಎಳೆಯಲು ಅರ್ಧ ದಿನ ಹಿಡಿಯಿತು. ತುದಿಗಳಿಗೆ ಪ್ಲಗ್ ಒತ್ತುವ ಕೆಲಸವನ್ನು ನಾನೇ ಮಾಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎಂಟು ಎಳೆಗಳನ್ನು ಜೋಡಿಸಿ ಒತ್ತಿ, ರೂಟರಿಗೆ ಸಿಕ್ಕಿಸಿದರೆ ಮತ್ತೆ 94! ಪೋರ್ಟುಗಳು ಎರಡೂ ಕಡೆ ಗಿಗಾಬಿಟ್‌ನವೇ ಆಗಿದ್ದವು. 100ರ ಸಂಪರ್ಕಕ್ಕೆ ನಾಲ್ಕು ಜೋಡಿಗಳಲ್ಲಿ ಕಿತ್ತಳೆ ಮತ್ತು ಹಸಿರು ಎಂಬ ಎರಡೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಉಳಿದೆರಡರಲ್ಲಿ ಯಾವುದೋ ಒಂದು ಎಳೆ ಕೂಡಿಲ್ಲದಿದ್ದರೆ ಎರಡೂ ಯಂತ್ರಗಳು ತಾವೇ 100ಕ್ಕೆ ಒಪ್ಪಿಕೊಳ್ಳುತ್ತವೆ. ದೀಪದ ಬೆಳಕಿನಲ್ಲಿ ನೋಡಿದಾಗ ಕಂದು ಎಳೆ ಪ್ಲಗ್ಗಿನ ತುದಿಯವರೆಗೆ ಹೋಗಿರಲಿಲ್ಲ. ಕತ್ತರಿಸಿ ಹೊಸದಾಗಿ ಒತ್ತಿದೆ. ಲ್ಯಾಪ್‌ಟಾಪಿನಲ್ಲಿ 1000 ಎಂದು ಮೂಡಿತು.

ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಹೊಂದಿಸಿದೆ. ಇಲ್ಲದಿದ್ದರೆ ಮೋಡೆಮ್ ಒಮ್ಮೆ, ರೂಟರ್ ಒಮ್ಮೆ ವಿಳಾಸ ಬದಲಿಸುವ ಎರಡು ಪದರಗಳಾಗಿ, ಜಗಲಿಯ ಟಿವಿಯೂ ಮೆತ್ತಿನ ಫೋನೂ ಒಂದೇ ಮನೆಯಲ್ಲಿದ್ದು ಒಂದನ್ನೊಂದು ಕಾಣದಂತಾಗುತ್ತದೆ. ಜಗಲಿಯ ಟಿವಿಗೆ ಮೋಡೆಮ್ಮಿನ ಹಳೆಯ ವೈಫೈಯನ್ನೇ ಉಳಿಸಿದೆ. ಅಪ್ಪಯ್ಯ ರಾತ್ರಿ ನೋಡುವ ಯಕ್ಷಗಾನದ ವಿಡಿಯೊಗಳಿಗೆ ಅದು ಬೇಕಾದಷ್ಟಾಯಿತು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು, ಚಾನೆಲ್ ಮಾತ್ರ ಒಂದಕ್ಕೆ 1, ಇನ್ನೊಂದಕ್ಕೆ 11 ಎಂದು ಬೇರೆ ಮಾಡಿದೆ. ಮೋಡೆಮ್ಮಿನ ಆಡಳಿತ ಪಾಸ್‌ವರ್ಡ್ ಬದಲಿಸಿ, ಗುಂಡಿಯೊತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಸೇರುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಎರಡರಲ್ಲೂ ಬಂದ್ ಮಾಡಿದೆ. ಆ ಪಿನ್ನಿನ ದೌರ್ಬಲ್ಯ 2011ರಲ್ಲೇ ಬಹಿರಂಗವಾಗಿದೆ.

ವಿದ್ಯುತ್ತಿನ ವಿಚಾರವನ್ನು ರೂಟರ್ ಆಯ್ಕೆಯ ಹೊರಗಿಡುವುದು ಮಲೆನಾಡಿನಲ್ಲಿ ಸಾಧ್ಯವಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು ಇಲ್ಲಿ ವಾರದ ಮಾತು. ಮೋಡೆಮ್ ಮತ್ತು ರೂಟರ್ ಎರಡೂ 12 ವೋಲ್ಟಿನವೇ ಆಗಿರುವಂತೆ ನೋಡಿಕೊಂಡದ್ದು ಇದಕ್ಕಾಗಿ. ಆಗ ಒಂದೇ ಸಣ್ಣ ಡಿಸಿ ಯುಪಿಎಸ್ ಬಗೆಯನ್ನು ಎರಡಕ್ಕೂ ಬಳಸಬಹುದು. ಅಳೆದು ನೋಡಿದಾಗ ಮೋಡೆಮ್ 5 ವ್ಯಾಟ್, ರೂಟರ್ 7 ವ್ಯಾಟ್ ತಿನ್ನುತ್ತಿದ್ದವು. ಹಗಲಿರುಳು ಉರಿದರೂ ತಿಂಗಳಿಗೆ 9 ಯೂನಿಟ್ಟಿಗೆ ಕಡಿಮೆ. ಯುಪಿಎಸ್ ಮೇಲೆ 8800 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಕೋಶಗಳ ಲೆಕ್ಕದಲ್ಲಿ, ಅಂದರೆ ಸುಮಾರು 32 ವ್ಯಾಟ್ ಅವರ್. ಅದನ್ನು 12 ವೋಲ್ಟಿಗೆ ಏರಿಸುವಾಗ ಒಂದಿಷ್ಟು ಸೋರುತ್ತದೆ. ಒಂದರ ಮೇಲೆ ಎರಡೂ ಯಂತ್ರಗಳನ್ನು ಹೂಡಿದರೆ ಎರಡು ಗಂಟೆ ದಾಟುವುದು ಕಷ್ಟವೆಂದು ಲೆಕ್ಕ ಹಾಕಿ, ಜಗಲಿಗೊಂದು ಮೆತ್ತಿಗೊಂದು ಬೇರೆ ಬೇರೆ ತಂದೆ. ಈಗ ಮೆತ್ತಿನದು ಮೂರೂವರೆ ಗಂಟೆ, ಜಗಲಿಯದು ಐದು ಗಂಟೆ ನಿಲ್ಲುತ್ತದೆ.

ಮೇ ಕೊನೆಯಲ್ಲಿ ಗುಡುಗು ಮಳೆ ಶುರುವಾಯಿತು. ಮೊದಲ ಮಿಂಚಿಗೇ ಅಪ್ಪಯ್ಯ ಜಗಲಿಯಿಂದ ಕೂಗಿದರು: “ತಮಾ, ಗುಡುಗು ಶುರುವಾತು, ವೈರ್ ತೆಗಿ.” ಹಳೆಯ ಟೆಲಿಫೋನ್ ತಂತಿಯ ಕಾಲದಲ್ಲಿ ಸಿಡಿಲಿಗೆ ಎರಡು ಮೋಡೆಮ್ ಸುಟ್ಟುಹೋದದ್ದನ್ನು ಅವರು ಮರೆತಿಲ್ಲ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಕೇಬಲ್ಲಿನ ಜೊತೆ ಭಾರ ಹೊರಲೆಂದು ಉಕ್ಕಿನ ತಂತಿಯಿರುತ್ತದೆ, ಕರೆಂಟಿನ ದಾರಿಯಂತೂ ಇದ್ದೇ ಇದೆ. ಅವರ ಮಾತಿನಂತೆ ಪ್ಲಗ್ ತೆಗೆದೆ. ಉಕ್ಕಿನ ತಂತಿಯನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಕೊನೆಗೊಳಿಸಲಾಗಿದೆಯೆಂದು ಮರುದಿನ ಖಚಿತಪಡಿಸಿಕೊಂಡೆ. ಅಂಗಳದಾಚೆಯ ಅಡಿಕೆ ಸುಲಿಯುವ ಕೊಟ್ಟಿಗೆಗೂ ಇಂಟರ್ನೆಟ್ ಬೇಕೆಂಬ ಮಾತು ಮನೆಯಲ್ಲಿ ಬಂದಾಗ ನಾನು ಒಪ್ಪದಿದ್ದುದೂ ಇದೇ ಕಾರಣಕ್ಕೆ. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತಾಮ್ರದ ತಂತಿ ಎಳೆದು ಸಿಡಿಲಿಗೆ ದಾರಿ ಮಾಡಿಕೊಡಲು ನನಗೆ ಮನಸ್ಸಿರಲಿಲ್ಲ.

ಜುಲೈ ಮೂರನೆಯ ವಾರ, ಹದಿನೈದು ದಿನ ಬಿಡದೆ ಮಳೆ ಹೊಯ್ದು ಗೋಡೆಗಳೆಲ್ಲ ತೇವ ಕುಡಿದು ಕಪ್ಪಾಗಿದ್ದಾಗ, ಅದೇ ಗ್ರಾಫ್ ಹಾಳೆ ಹಿಡಿದು ಅದೇ ಜಾಗಗಳಲ್ಲಿ ಮತ್ತೆ ನಿಂತೆ. ಮಣ್ಣು ಮುಚ್ಚಿಗೆಯ ಕೆಳಗಿನ ಅಡುಗೆಮನೆಯಲ್ಲಿ ಮೈನಸ್ 63 ಇದ್ದದ್ದು ಮೈನಸ್ 65 ಆಗಿತ್ತು. ಒಂದು ಗೋಡೆ ದಾಟಬೇಕಾದ ನನ್ನ ಮೇಜಿನ ಬಳಿ ಮೈನಸ್ 54 ಇದ್ದದ್ದು ಮೈನಸ್ 58. ವೇಗ 180ರ ಮೇಲೆಯೇ ಇತ್ತು. ಆ ಹೊತ್ತಿಗೆ ಆಯಿ ಒಲೆಯ ಪಕ್ಕದಲ್ಲಿ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಹೈದರಾಬಾದಿನಲ್ಲಿರುವ ಅಕ್ಕನೊಡನೆ ವಿಡಿಯೊದಲ್ಲಿ ಮಾತಾಡುತ್ತಿದ್ದರು. ಹಾಳೆಯ ಏಪ್ರಿಲ್ ಕಾಲಮಿನ ಪಕ್ಕದಲ್ಲಿ ಜುಲೈ ಎಂದು ಬರೆದು ಅಂಕಿಗಳನ್ನು ತುಂಬಿ, ಹಾಳೆಯನ್ನು ರೂಟರಿನ ಪೆಟ್ಟಿಗೆಯೊಳಗೆ ಬಿಲ್ಲಿನ ಜೊತೆ ಇಟ್ಟೆ.